ಉಪಗ್ರಹ ಕಂಡ ಹಸಿರು, ನಾವು ಎಣಿಸಬೇಕಾದ ಮರ



ಒಂದು ಸುಲಭವಾದ ಪ್ರಶ್ನೆಯಿಂದ ಪ್ರಾರಂಭಿಸೋಣ. ನಿಮ್ಮ ಊರಿನಲ್ಲಿ ಎಷ್ಟು ಮನೆಗಳಿವೆ? ಪಂಚಾಯಿತಿ ಕಚೇರಿಯಲ್ಲಿ ಕೇಳಿದರೆ ಹೇಳುತ್ತಾರೆ. ಬೀದಿದೀಪಗಳೆಷ್ಟು, ನಲ್ಲಿಗಳೆಷ್ಟು? ಅದಕ್ಕೂ ಲೆಕ್ಕವಿದೆ. ಸರಿ, ಮರಗಳೆಷ್ಟು?

ಈ ಕಾರ್ಯಕ್ರಮದ ಚಿತ್ರೀಕರಣಕ್ಕಾಗಿ ನಾವು ಕಾನಹೊಸಹಳ್ಳಿಗೆ ಹೋಗಿದ್ದಾಗ ಇದೇ ಪ್ರಶ್ನೆಯನ್ನು ಕೇಳಿದೆವು. ಕಾನಹೊಸಹಳ್ಳಿ ಕೂಡ್ಲಿಗಿ ತಾಲ್ಲೂಕಿನದು. ಕೂಡ್ಲಿಗಿಯಿಂದ ಚಿತ್ರದುರ್ಗದ ಕಡೆಗೆ ಸಾಗುವ ಹೆದ್ದಾರಿಯ ಮೇಲಿರುವ ಊರು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗುವವರೆಗೆ ಅದು ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಕೆಂಪು ನೆಲ, ಕಲ್ಲುಗುಡ್ಡ, ಕಡಿಮೆ ಮಳೆ. ಶೇಂಗಾ, ಜೋಳ, ಮೆಕ್ಕೆಜೋಳದ ಹೊಲಗಳು. ಇಂಥ ಸೀಮೆಯಲ್ಲಿ ಮರದ ಬೆಲೆ ಏನೆಂಬುದನ್ನು ಏಪ್ರಿಲ್ ತಿಂಗಳ ಮಧ್ಯಾಹ್ನ ಬಸ್ಸಿಗಾಗಿ ಕಾದವರಿಗೆ ಬೇರೆ ಹೇಳಬೇಕಾಗಿಲ್ಲ.

ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಎಷ್ಟು ಅದಾವ ಅಂತ ಎಣಿಸಿಲ್ಲಪ್ಪ. ಯಾವ್ಯಾವು ಹೋದವು ಅಂತ ಬೇಕಾದ್ರೆ ಹೇಳ್ತೀನಿ, ಬರ್ಕಾ." ಹಾಗೆಂದು ಬೆರಳು ಮಡಚುತ್ತಾ ಹೋದರು. ಹಳೇ ರಸ್ತೆಯ ಬದಿಯ ಹುಣಸೆ, ಬಾವಿಯ ಪಕ್ಕದ ಹೊಂಗೆ, ರಸ್ತೆ ಅಗಲವಾದಾಗ ಹೋದ ಬೇವಿನ ಸಾಲು. ಎರಡೂ ಕೈಗಳ ಬೆರಳು ಸಾಲಲಿಲ್ಲ. ಆ ಮರಗಳ ಲೆಕ್ಕ ಇದ್ದುದು ಅವರ ನೆನಪಿನಲ್ಲಿ ಮಾತ್ರ. ಯಾವ ಕಡತದಲ್ಲೂ ಅಲ್ಲ.

ಈ ದಿನದ ಭಾಷಣದ ವಿಷಯ ಅದೇ. ಊರಿನ ಮರಗಳನ್ನು ಆಕಾಶದಿಂದ ಎಣಿಸಲು ಸಾಧ್ಯವೇ? ಸಾಧ್ಯವಾದರೆ ಹೇಗೆ? ಎಷ್ಟರಮಟ್ಟಿಗೆ? ಪರದೆಯ ಮೇಲೆ ಈ ಮಾತುಗಳ ಜೊತೆಗೆ ಚಿತ್ರಗಳಿರುತ್ತವೆ. ಪುಸ್ತಕದಲ್ಲಿ ಆ ಸೌಲಭ್ಯವಿಲ್ಲವಾದ್ದರಿಂದ ಕೆಲವು ಲೆಕ್ಕಗಳನ್ನು ಕೊಟ್ಟಿದ್ದೇನೆ. ಪೆನ್ಸಿಲ್ ಹಿಡಿದುಕೊಂಡೇ ಓದಿರಿ.

ಮೊದಲು, ಮರವನ್ನು ಏಕೆ ಎಣಿಸಬೇಕು? ಬೆಂಗಳೂರಿನ ರಸ್ತೆಗಳಲ್ಲಿ ಸಂಶೋಧಕರು ಅಳತೆ ಮಾಡಿ 2013ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಮರಗಳಿರುವ ರಸ್ತೆಯನ್ನೂ ಮರಗಳಿಲ್ಲದ ರಸ್ತೆಯನ್ನೂ ಹೋಲಿಸಿ ನೋಡಿದಾಗ, ಮಧ್ಯಾಹ್ನದ ಗಾಳಿಯ ಉಷ್ಣತೆಯಲ್ಲಿ 5.6 ಡಿಗ್ರಿ ಸೆಲ್ಸಿಯಸ್‌ವರೆಗೆ ವ್ಯತ್ಯಾಸ ಕಂಡುಬಂದಿತು. ರಸ್ತೆಯ ಮೈಯ ಉಷ್ಣತೆಯಲ್ಲಿ ಈ ವ್ಯತ್ಯಾಸ 27.5 ಡಿಗ್ರಿಯವರೆಗೂ ಇತ್ತು. ತಂಪು ಊರೆಂದು ಹೆಸರಾದ ಬೆಂಗಳೂರಿನ ಮಾತು ಇದು. ನಮ್ಮ ಬಯಲುಸೀಮೆಯ ಬರಿಗಾಲಿಗೆ ಇದರ ಅರ್ಥವೇನೆಂಬುದನ್ನು ನೀವೇ ಊಹಿಸಿಕೊಳ್ಳಿ.

ಇನ್ನು ಉಪಗ್ರಹದ ಕಣ್ಣಿನ ವಿಚಾರ. ಎಲೆ ನಮಗೆ ಹಸಿರಾಗಿ ಏಕೆ ಕಾಣುತ್ತದೆ? ಎಲೆಯಲ್ಲಿರುವ ಪತ್ರಹರಿತ್ತು ಸೂರ್ಯನ ಬೆಳಕಿನಲ್ಲಿನ ನೀಲಿ ಮತ್ತು ಕೆಂಪು ಭಾಗಗಳನ್ನು ಆಹಾರ ತಯಾರಿಕೆಗಾಗಿ ಹೀರಿಕೊಳ್ಳುತ್ತದೆ; ಹಸಿರನ್ನು ಸ್ವಲ್ಪ ಹಿಂದಿರುಗಿಸುತ್ತದೆ. ಇದು ನಿಮ್ಮ ಪಠ್ಯಪುಸ್ತಕದಲ್ಲಿದೆ. ಆದರೆ ಎಲೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಕೆಂಪಿನಾಚೆಗೆ ನಮ್ಮ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳಿವೆಯಷ್ಟೆ. ಎಲೆಯ ಒಳಗಿನ ಸಡಿಲವಾದ ಜೀವಕೋಶಗಳ ಪದರ ಈ ಕಿರಣಗಳಲ್ಲಿ ಅರ್ಧದಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ನಮ್ಮ ಕಣ್ಣಿಗೆ ಅವಗೆಂಪು ಕಾಣುವಂತಿದ್ದರೆ ಬೇವಿನ ಮರ ಹಗಲಿನಲ್ಲಿ ದೀಪ ಹಚ್ಚಿಟ್ಟಂತೆ ಹೊಳೆಯುತ್ತಿತ್ತು.

ಉಪಗ್ರಹದ ಕ್ಯಾಮೆರಾಕ್ಕೆ ಅದು ಕಾಣುತ್ತದೆ. 1979ರ ಜೂನ್ 7ರಂದು ಸೋವಿಯತ್ ರಾಕೆಟ್ಟಿನ ಮೂಲಕ ಕಕ್ಷೆಗೇರಿದ ನಮ್ಮ ಭಾಸ್ಕರ ಉಪಗ್ರಹದಲ್ಲಿ ಇದ್ದುದು ಎರಡು ಟೆಲಿವಿಷನ್ ಕ್ಯಾಮೆರಾಗಳು. ನನ್ನ ಕಸುಬಿನವರಿಗೆ ಇದು ಅಭಿಮಾನದ ಸಂಗತಿ. ಒಂದು ಕ್ಯಾಮೆರಾ ಕಣ್ಣಿಗೆ ಕಾಣುವ ಬೆಳಕಿಗೆ, ಇನ್ನೊಂದು ಅವಗೆಂಪಿಗೆ. ಆ ಎರಡು ಕಣ್ಣುಗಳ ತತ್ವವೇ ಈಗಲೂ ಮುಂದುವರಿದಿದೆ.

ಈ ಎರಡು ಅಳತೆಗಳಿಂದ ವಿಜ್ಞಾನಿಗಳು ಒಂದು ಸರಳ ಸೂತ್ರವನ್ನು ಮಾಡಿಕೊಂಡಿದ್ದಾರೆ. ಅವಗೆಂಪಿನಿಂದ ಕೆಂಪನ್ನು ಕಳೆಯಿರಿ. ಬಂದುದನ್ನು ಎರಡರ ಮೊತ್ತದಿಂದ ಭಾಗಿಸಿರಿ. ಒಂದು ಮರದ ಎಲೆಗಳು ನೂರರಲ್ಲಿ 45 ಪಾಲು ಅವಗೆಂಪನ್ನೂ 5 ಪಾಲು ಕೆಂಪನ್ನೂ ಹಿಂದಿರುಗಿಸುತ್ತವೆ ಎಂದಿಟ್ಟುಕೊಳ್ಳಿ. 45ರಲ್ಲಿ 5 ಕಳೆದರೆ 40, ಕೂಡಿದರೆ 50. ಉತ್ತರ 0.8. ಪಕ್ಕದ ಕೆಂಪು ನೆಲ 30 ಮತ್ತು 20 ಪಾಲು ಹಿಂದಿರುಗಿಸಿದರೆ ಉತ್ತರ 0.2. ಕೆರೆಯ ನೀರಾದರೆ ಸೊನ್ನೆಗಿಂತ ಕಡಿಮೆ ಬರುವುದುಂಟು. ಇದನ್ನು ಸಸ್ಯ ಸೂಚ್ಯಂಕ ಎನ್ನುತ್ತಾರೆ. ನೂರಾರು ಕಿಲೋಮೀಟರ್ ಎತ್ತರದಿಂದ ಎಲೆಯನ್ನೂ ಮಣ್ಣನ್ನೂ ಬೇರೆಮಾಡುವ ಉಪಾಯ ಇಷ್ಟೇ.

ಉಪಗ್ರಹ ಚಿತ್ರಗಳಲ್ಲಿ ಕಾಡುಗಳು ಕೆಂಪಾಗಿರುವುದನ್ನು ಕಂಡು ನೀವು ಬೆರಗಾಗಿರಬಹುದು. ಕಾಣದ ಅವಗೆಂಪಿಗೆ ಯಾವುದಾದರೂ ಕಾಣುವ ಬಣ್ಣ ಕೊಡಬೇಕಲ್ಲ, ಆದ್ದರಿಂದ ಕೆಂಪು ಬಣ್ಣ ಕೊಟ್ಟಿರುತ್ತಾರೆ. ಅಂಥ ಚಿತ್ರದಲ್ಲಿ ಹೆಚ್ಚು ಕೆಂಪಾಗಿರುವುದೇ ಹೆಚ್ಚು ಹಸಿರು.

ಹಾಗಾದರೆ ಚಿತ್ರವನ್ನು ನೋಡಿ ಮರಗಳನ್ನು ಒಂದೊಂದಾಗಿ ಎಣಿಸಿಬಿಡಬಹುದೇ? ಇಲ್ಲಿ ಎರಡನೆಯ ಲೆಕ್ಕ ಬರುತ್ತದೆ. ಟಿ.ವಿ. ಪರದೆಯನ್ನು ಹತ್ತಿರದಿಂದ ನೋಡಿದರೆ ಚಿತ್ರವೆಲ್ಲ ಬಿಂದುಗಳಿಂದ ಆಗಿರುವುದು ಕಾಣುತ್ತದೆ. ಉಪಗ್ರಹ ಚಿತ್ರವೂ ಹಾಗೆಯೇ. ಒಂದು ಬಿಂದುವಿನೊಳಗೆ ಏನೇ ಇರಲಿ, ಎಲ್ಲ ಬೆರೆತು ಒಂದೇ ಬಣ್ಣವಾಗಿ ದಾಖಲಾಗುತ್ತದೆ. ಆದ್ದರಿಂದ ಒಂದು ಬಿಂದು ನೆಲದ ಮೇಲೆ ಎಷ್ಟು ಜಾಗವನ್ನು ಆಕ್ರಮಿಸುತ್ತದೆ ಎಂಬುದು ಮುಖ್ಯ.

ಒಂದು ಬೇವಿನ ಮರದ ಎಲೆಚಪ್ಪರ 8 ಮೀಟರ್ ಅಗಲವಾಗಿದೆ ಎನ್ನೋಣ. ವೃತ್ತದ ಸೂತ್ರ ಹಾಕಿದರೆ ಅದರ ವಿಸ್ತೀರ್ಣ ಸುಮಾರು 50 ಚದರ ಮೀಟರ್. 1988ರ ಮಾರ್ಚ್ 17ರಂದು ಹಾರಿದ ಐ.ಆರ್.ಎಸ್.-1ಎ ಉಪಗ್ರಹದ ಒಂದು ಕ್ಯಾಮೆರಾದಲ್ಲಿ ಬಿಂದುವಿನ ಅಳತೆ 72.5 ಮೀಟರ್. ಅಂದರೆ ಒಂದು ಬಿಂದುವಿಗೆ ಒಂದೂಕಾಲು ಎಕರೆಗೂ ಹೆಚ್ಚು ನೆಲ. ಅದರೊಳಗೆ ನಮ್ಮ ಬೇವಿನಂಥ ನೂರು ಮರಗಳ ನೆರಳು ಹಿಡಿಸುತ್ತದೆ. ಕಾಡು, ಕೆರೆ, ಬೆಳೆಗಳನ್ನು ಗುರುತಿಸಲು ಅದು ಸಾಕಾಗಿತ್ತು. ಬೀದಿಯ ಮರಕ್ಕೆ ಸಾಲದು. 1995ರ ಡಿಸೆಂಬರ್ 28ರಂದು ಮೇಲೇರಿದ ಐ.ಆರ್.ಎಸ್.-1ಸಿ ಯಲ್ಲಿ ಕಪ್ಪು-ಬಿಳುಪು ಕ್ಯಾಮೆರಾದ ಬಿಂದು 5.8 ಮೀಟರಿಗೆ ಇಳಿಯಿತು. ಆಗ ನಮ್ಮ ಬೇವಿಗೆ ಒಂದೂವರೆ ಬಿಂದು ಸಿಕ್ಕಿತು. 2007ರ ಕಾರ್ಟೋಸ್ಯಾಟ್-2ರಲ್ಲಿ ಬಿಂದು ಒಂದು ಮೀಟರಿಗಿಂತಲೂ ಚಿಕ್ಕದು. ಮರವೊಂದಕ್ಕೆ 50ಕ್ಕೂ ಹೆಚ್ಚು ಬಿಂದುಗಳು. 2019ರ ನವೆಂಬರ್ 27ರಂದು ಹಾರಿದ ಕಾರ್ಟೋಸ್ಯಾಟ್-3ರಲ್ಲಿ ಬಿಂದುವಿನ ಅಳತೆ ಸುಮಾರು 28 ಸೆಂಟಿಮೀಟರ್, ನಿಮ್ಮ ಅಳತೆಪಟ್ಟಿಗಿಂತ ಕಡಿಮೆ. ಈಗ ಮರಕ್ಕೆ 600ಕ್ಕೂ ಮೀರಿ ಬಿಂದುಗಳು.

ಒಂದು ತೊಡಕು ಇದೆ. ಅತಿ ಸೂಕ್ಷ್ಮವಾದ ಚಿತ್ರ ಸಾಮಾನ್ಯವಾಗಿ ಕಪ್ಪು-ಬಿಳುಪಿನದು. ಬಣ್ಣದ ಚಿತ್ರ ಅದಕ್ಕಿಂತ ಒರಟು. ಆದ್ದರಿಂದ ಎರಡನ್ನೂ ಒಂದರ ಮೇಲೊಂದು ಕೂಡಿಸಿ, ಮೊದಲನೆಯದರಿಂದ ರೇಖೆಯನ್ನೂ ಎರಡನೆಯದರಿಂದ ಬಣ್ಣವನ್ನೂ ತೆಗೆದುಕೊಳ್ಳುತ್ತಾರೆ. ಬಣ್ಣದ ಟಿ.ವಿ. ಪ್ರಸಾರದಲ್ಲೂ ನಾವು ಮಾಡುತ್ತಾ ಬಂದದ್ದು ಇದನ್ನೇ. ಬೆಳಕು-ನೆರಳಿನ ವಿವರ ಹೆಚ್ಚು, ಬಣ್ಣದ ವಿವರ ಕಡಿಮೆ ಕಳುಹಿಸಿದರೂ ನಿಮ್ಮ ಕಣ್ಣು ಆಕ್ಷೇಪಿಸುವುದಿಲ್ಲ.

ಬೆಂಗಳೂರಿನಲ್ಲಿ ಈ ವಿಧಾನದಿಂದಲೇ ಮರಗಳನ್ನು ಎಣಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಅವರ ಸಂಗಡಿಗರು ಐ.ಆರ್.ಎಸ್. ಸರಣಿಯ ಬಣ್ಣದ ಚಿತ್ರಗಳನ್ನೂ ಕಾರ್ಟೋಸ್ಯಾಟ್‌ನ ಕಪ್ಪು-ಬಿಳುಪು ಚಿತ್ರಗಳನ್ನೂ ಕೂಡಿಸಿ, ನೆಲದ ಮೇಲೆ ಓಡಾಡಿ ತಂದ ಮಾಹಿತಿಯನ್ನು ಅದಕ್ಕೆ ಜೋಡಿಸಿ, 2014ರಲ್ಲಿ ವರದಿ ಪ್ರಕಟಿಸಿದರು. ನಗರದಲ್ಲಿ 14,78,412 ಮರಗಳು. ಏಳು ಜನಕ್ಕೆ ಒಂದು ಮರ. ಹಿಂದಿನ ನಾಲ್ಕು ದಶಕಗಳಲ್ಲಿ ಕಟ್ಟಡಗಳ ಪ್ರದೇಶ ಶೇಕಡ 584ರಷ್ಟು ಹೆಚ್ಚಿ, ಹಸಿರು ಶೇಕಡ 66ರಷ್ಟು ಕಡಿಮೆಯಾಗಿತ್ತು. 1970ರ ದಶಕದ ಉಪಗ್ರಹ ಚಿತ್ರಗಳು ಕಡತದಲ್ಲಿ ಉಳಿದಿದ್ದುದರಿಂದಲೇ ಈ ಹೋಲಿಕೆ ಸಾಧ್ಯವಾಯಿತು ಎಂಬುದನ್ನು ಗಮನಿಸಿರಿ. ನಷ್ಟವಾದ ಮೇಲೆ ಲೆಕ್ಕ ಹಾಕಿದ ಊರು ಬೆಂಗಳೂರು. ಕಾನಹೊಸಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಡಗಲಿಯಂಥ ಊರುಗಳು ಈಗ ಬೆಳೆಯುತ್ತಿವೆ. ಇವಕ್ಕೆ ಮುಂಚಿತವಾಗಿಯೇ ಎಣಿಸಿಕೊಳ್ಳುವ ಅವಕಾಶವಿದೆ.

ಈಗ ಕಾನಹೊಸಹಳ್ಳಿಗೆ ಮರಳೋಣ. ಸುತ್ತಲಿನ ಬಯಲಿನ ಉಪಗ್ರಹ ಚಿತ್ರವನ್ನು ಕಾಗದದ ಮೇಲೆ ಮುದ್ರಿಸಿಕೊಂಡು ನಾವು ಹೋಗಿದ್ದೆವು. ಇಲ್ಲಿ ಒಂದು ಅನುಕೂಲವಿದೆ. ಮಲೆನಾಡಿನಲ್ಲಿ ಎಲೆಚಪ್ಪರಗಳು ಒಂದಕ್ಕೊಂದು ಹೆಣೆದುಕೊಂಡು ಮರಗಳನ್ನು ಬೇರೆಮಾಡುವುದೇ ಕಷ್ಟ. ಇಲ್ಲಿ ಕೆಂಪು ಹೊಲದ ನಡುವೆ ಒಂಟಿಯಾಗಿ ನಿಂತ ಹುಣಸೆ, ಪಕ್ಕದಲ್ಲೇ ಅದರ ನೆರಳು, ಸ್ಪಷ್ಟವಾಗಿ ಕಾಣುತ್ತವೆ. ಆದರೆ ತಿಂಗಳು ಸರಿಯಾಗಿರಬೇಕು. ಆಗಸ್ಟ್-ಸೆಪ್ಟೆಂಬರಿನಲ್ಲಿ ಶೇಂಗಾ, ಮೆಕ್ಕೆಜೋಳವೆಲ್ಲ ಹಸಿರಾಗಿದ್ದು, ಮರವೂ ಬೆಳೆಯೂ ಸೂಚ್ಯಂಕದಲ್ಲಿ ಒಂದೇ ಆಗಿಬಿಡುತ್ತವೆ. ಸುಗ್ಗಿ ಮುಗಿದು, ಹೊಲ ಬರಿದಾಗಿ, ಬೇವು ಹಳೆಯ ಎಲೆ ಉದುರಿಸಿ ಯುಗಾದಿಗೆ ಹೊಸ ಚಿಗುರು ಹೊತ್ತು ನಿಂತಾಗ, ಅಂದರೆ ಏಪ್ರಿಲ್ ಸುಮಾರಿಗೆ, ಮರಗಳು ಮಾತ್ರ ಹಸಿರು.

ಚಿತ್ರದಲ್ಲಿ ಊರೊಳಗೆ ಒಂದು ದೊಡ್ಡ ದುಂಡನೆಯ ಹಸಿರು ಮಚ್ಚೆ ಇತ್ತು. ಲೆಕ್ಕಕ್ಕೆ ಒಂದು ಮರವೆಂದು ಗುರುತು ಹಾಕಿದ್ದೆವು. ಹೋಗಿ ನೋಡಿದರೆ ಅದು ಒಂದು ಕಟ್ಟೆ. ಅಲ್ಲಿ ಅರಳಿಯೂ ಬೇವೂ ಒಂದರೊಳಗೊಂದು ಬೆಳೆದು ನಿಂತಿದ್ದವು. ನಮ್ಮ ನಾಡಿನ ಎಷ್ಟೋ ಊರುಗಳಲ್ಲಿ ಹೀಗೆ ಜೊತೆಯಾಗಿ ನೆಟ್ಟು, ಎರಡಕ್ಕೂ ಮದುವೆ ಮಾಡಿಸುತ್ತಾರೆ. ನಮ್ಮ ಜೊತೆ ಬಂದಿದ್ದ ಶಾಲಾ ಬಾಲಕಿಯೊಬ್ಬಳು ಚಿತ್ರ ನೋಡಿ ನಕ್ಕು, "ಸರ್, ಇಲ್ಲಿ ಗಂಡ-ಹೆಂಡ್ತಿ ಇಬ್ಬರನ್ನೂ ಒಬ್ಬರೇ ಅಂತ ಬರೆದಿದ್ದೀರಿ" ಎಂದಳು. ಉಪಗ್ರಹಕ್ಕೆ ಕಾಣುವುದು ಎಲೆಚಪ್ಪರ. ಮರದ ಬುಡವನ್ನು ಅದು ಎಂದೂ ನೋಡಿಲ್ಲ. ಹಿರಿಯ ಮರದ ಕೆಳಗಿನ ಸಸಿಯೂ ಅದಕ್ಕೆ ಕಾಣದು.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಊರ ಹೊರಗೆ ಬೇಸಿಗೆಯಲ್ಲೂ ದಟ್ಟವಾದ ಹಸಿರು ಪಟ್ಟಿಯೊಂದು ಚಿತ್ರದಲ್ಲಿತ್ತು. ತೋಪು ಇರಬೇಕೆಂದು ಸಂತೋಷಪಟ್ಟಿದ್ದೆ. ಹೋದರೆ ಬಳ್ಳಾರಿ ಜಾಲಿ! ದಕ್ಷಿಣ ಅಮೆರಿಕದ ಕಡೆಯಿಂದ ಬಂದು, ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತು, ಬರಗಾಲದಲ್ಲೂ ಹಸಿರಾಗಿರುವ ಮುಳ್ಳುಗಿಡ. ಬಡವರಿಗೆ ಸೌದೆ ಕೊಡುತ್ತದೆ, ನಿಜ. ಆದರೆ ಅದರ ಕೆಳಗೆ ಹುಲ್ಲು ಬೆಳೆಯದು, ದನ ಮಲಗದು, ಬಸ್ಸಿಗೆ ಕಾಯುವವರು ನಿಲ್ಲರು. ಸೂಚ್ಯಂಕಕ್ಕೆ ಮಾತ್ರ ಅದೂ ಒಂದೇ, ಬೇವೂ ಒಂದೇ.

ಇದು ಕೇವಲ ನಮ್ಮ ಚಿತ್ರದ ಸಮಸ್ಯೆಯಲ್ಲ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 1987ರಿಂದ ಉಪಗ್ರಹ ಚಿತ್ರಗಳ ಆಧಾರದ ಮೇಲೆ ದೇಶದ ಅರಣ್ಯ ವರದಿಯನ್ನು ಪ್ರಕಟಿಸುತ್ತಿದೆ. ಅದರ ವ್ಯಾಖ್ಯೆಯಂತೆ, ಒಂದು ಹೆಕ್ಟೇರು ಅಥವಾ ಅದಕ್ಕಿಂತ ಹೆಚ್ಚಿನ ಜಾಗದಲ್ಲಿ ಶೇಕಡ 10ರಷ್ಟಾದರೂ ಎಲೆಚಪ್ಪರವಿದ್ದರೆ ಅದು ಅರಣ್ಯ ಹೊದಿಕೆ. ಜಮೀನು ಯಾರದು, ಮರ ಯಾವ ಜಾತಿಯದು ಎಂಬ ಪ್ರಶ್ನೆ ಅಲ್ಲಿಲ್ಲ. ದೇಶದಷ್ಟು ದೊಡ್ಡ ಲೆಕ್ಕಕ್ಕೆ ಇಂಥ ಒಂದು ಗೆರೆ ಅಗತ್ಯ. ಆದರೆ ಪರಿಣಾಮವನ್ನು ನೋಡಿರಿ. ಹೆಕ್ಟೇರುಗಟ್ಟಲೆ ಹಬ್ಬಿದ ಜಾಲಿಯ ತೋಪು ಆ ನಕ್ಷೆಯೊಳಗೆ ಬರಬಹುದು. ನಿಮ್ಮ ಬಸ್ ನಿಲ್ದಾಣದ ಬೇವು, ಶಾಲೆಯ ಅಂಗಳದ ಹೊಂಗೆ, ಹೊಲದ ಬದುವಿನ ಹುಣಸೆ ಆ ನಕ್ಷೆಯಲ್ಲಿ ಇರುವುದಿಲ್ಲ. ಅಂಥ ಮರಗಳನ್ನು ಅಲ್ಲಲ್ಲಿ ಮಾದರಿ ತೆಗೆದು ಅಂದಾಜು ಮಾಡುತ್ತಾರೆ, ಅಷ್ಟೆ.

ಒಂಟಿ ಮರಗಳ ಸ್ಥಿತಿ ಏನಾಗಿದೆ? 2024ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಸಂಶೋಧಕರ ತಂಡವೊಂದು ಭಾರತದ ಹೊಲಗಳ ಮರಗಳನ್ನು ಉಪಗ್ರಹ ಚಿತ್ರಗಳಲ್ಲಿ ಗಣಕಯಂತ್ರದ ನೆರವಿನಿಂದ ಒಂದೊಂದಾಗಿ ಗುರುತಿಸಿತು. ಸುಮಾರು 60 ಕೋಟಿ ಮರಗಳು ಸಿಕ್ಕಿದವು. ಆದರೆ 2010-11ರಲ್ಲಿ ಕಂಡಿದ್ದ ದೊಡ್ಡ ಮರಗಳಲ್ಲಿ ನೂರಕ್ಕೆ 11ರಷ್ಟು 2018ರ ವೇಳೆಗೆ ಇರಲಿಲ್ಲ. 2018ರಿಂದ 2022ರ ನಡುವೆ ಮತ್ತೆ 50 ಲಕ್ಷಕ್ಕೂ ಹೆಚ್ಚು ದೊಡ್ಡ ಮರಗಳು ಕಣ್ಮರೆಯಾದವು. ಕಾಡು ಕಡಿದರೆ ಸುದ್ದಿಯಾಗುತ್ತದೆ. ಬದುವಿನ ಮೇಲಿನ ಒಂದು ಮರ ಹೋದರೆ ಪಕ್ಕದ ಹೊಲದವರಿಗೂ ಒಂದು ವಾರದ ಮಾತು. ಹೀಗೆ ಒಂದೊಂದಾಗಿ ಹೋದದ್ದು ಸೇರಿ ಈ ಸಂಖ್ಯೆ. ಕಟ್ಟೆಯ ಹಿರಿಯರು ಬೆರಳು ಮಡಚಿ ಹೇಳಿದ್ದೂ ಇದನ್ನೇ.

ಹಾಗಾದರೆ ಮಾಡಬೇಕಾದುದೇನು? ಉಪಗ್ರಹ ತನ್ನ ಪಾಲಿನ ಕೆಲಸವನ್ನು ಮಾಡುತ್ತಿದೆ. ಐರೋಪ್ಯ ಸೆಂಟಿನೆಲ್-2ರ ಚಿತ್ರಗಳು ಉಚಿತವಾಗಿ ದೊರೆಯುತ್ತವೆ. ಅವುಗಳಲ್ಲಿ ಬಿಂದು 10 ಮೀಟರಿನದು, ನಮ್ಮ ಬೇವಿಗೆ ಅರ್ಧ ಬಿಂದು. ಇಸ್ರೋ 2009ರಲ್ಲಿ ಆರಂಭಿಸಿದ 'ಭುವನ್' ಜಾಲತಾಣದಲ್ಲಿ ನಿಮ್ಮ ಊರನ್ನು ಇನ್ನೂ ಹತ್ತಿರದಿಂದ ನೋಡಬಹುದು. ಶಾಲೆಯ ಗಣಕಯಂತ್ರದಲ್ಲಿ ತೆರೆದು, ನಿಮ್ಮ ಬೀದಿಯನ್ನು ಹುಡುಕಿರಿ. ಕಂಡ ಹಸಿರು ಮಚ್ಚೆಗಳಿಗೆ ಕಾಗದದ ಮೇಲೆ 1, 2, 3 ಎಂದು ಅಂಕಿ ಹಾಕಿರಿ. ಉಳಿದ ಪಾಲು ನಿಮ್ಮದು.

ಇಬ್ಬಿಬ್ಬರಾಗಿ ಹೊರಡಿ. ಒಬ್ಬರ ಕೈಯಲ್ಲಿ ದರ್ಜಿಯ ಟೇಪು, ಇನ್ನೊಬ್ಬರ ಕೈಯಲ್ಲಿ ನೋಟ್‌ಬುಕ್ಕು. ಪ್ರತಿ ಮಚ್ಚೆಯ ಬಳಿ ನಿಂತು ಐದು ಸಂಗತಿಗಳನ್ನು ಬರೆಯಿರಿ. ಮೊದಲನೆಯದು, ಅದು ಒಂದು ಮರವೇ, ಎರಡೇ, ಬರೀ ಪೊದೆಯೇ? ಎರಡನೆಯದು, ಊರಿನವರು ಕರೆಯುವ ಹೆಸರು. ಪುಸ್ತಕದ ಹೆಸರು ಆಮೇಲೆ ಹುಡುಕಿಕೊಳ್ಳಬಹುದು. ಮೂರನೆಯದು, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಕಾಂಡದ ಸುತ್ತಳತೆ. ನಾಲ್ಕನೆಯದು, ಎಲೆಚಪ್ಪರದ ಅಗಲ; ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಎರಡು ದಿಕ್ಕಿನಲ್ಲಿ ಹೆಜ್ಜೆ ಹಾಕಿ ಸರಾಸರಿ ತೆಗೆಯಿರಿ. ಐದನೆಯದು, ಅದರ ನೆರಳಿನಲ್ಲಿ ಏನು ನಡೆಯುತ್ತದೆ? ಸಂತೆ, ಚಹದ ಅಂಗಡಿ, ಸೈಕಲ್ ರಿಪೇರಿ, ದನಗಳ ವಿಶ್ರಾಂತಿ. ಈ ಐದನೆಯದನ್ನು ಯಾವ ಉಪಗ್ರಹವೂ ಕೊಡಲಾರದು. ಕೊನೆಗೆ ನಕ್ಷೆಯಲ್ಲಿ ಕಾಣದಿದ್ದು ನಿಮಗೆ ಸಿಕ್ಕ ಸಸಿಗಳನ್ನೂ ಸೇರಿಸಿರಿ. ಹೆದ್ದಾರಿಯ ಅಂಚಿನ ಮರಗಳಿಗೆ ಮಾತ್ರ ಶಿಕ್ಷಕರ ಜೊತೆಯಿಲ್ಲದೆ ಹೋಗಬೇಡಿ.

ಇದರಿಂದ ಮರ ಉಳಿಯುತ್ತದೆಯೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಕೊಡಲಿ ನಿಲ್ಲುವುದಿಲ್ಲ. ರಸ್ತೆಯೂ ಬೇಕು, ಶಾಲೆಗೆ ಕೊಠಡಿಯೂ ಬೇಕು. ಕೆಲವು ಮರಗಳು ಹೋಗಲೂಬಹುದು. 1976ರ ಕರ್ನಾಟಕದ ಮರಗಳ ಸಂರಕ್ಷಣಾ ಕಾಯ್ದೆಯಂತೆ, ಅದು ಜಾರಿಯಲ್ಲಿರುವ ಪ್ರದೇಶಗಳಲ್ಲಿ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಮರಗಳ ಗಣತಿಯನ್ನೂ ಅದೇ ಕಾಯ್ದೆ ವೃಕ್ಷ ಪ್ರಾಧಿಕಾರದ ಕರ್ತವ್ಯಗಳಲ್ಲಿ ಸೇರಿಸಿದೆ. ಆದರೆ ಇಲ್ಲಿ ಮರವಿತ್ತು ಎಂಬುದಕ್ಕೇ ದಾಖಲೆ ಇಲ್ಲದಿದ್ದರೆ, ಅದು ಏಕೆ ಹೋಯಿತು, ಅದರ ಬದಲು ಎಲ್ಲಿ ನೆಟ್ಟಿರಿ ಎಂದು ಕೇಳುವುದಾದರೂ ಹೇಗೆ? ನಿಮ್ಮ ಪಟ್ಟಿಯ ಒಂದು ಪ್ರತಿಯನ್ನು ಶಾಲೆಯಲ್ಲಿಟ್ಟು, ಇನ್ನೊಂದನ್ನು ಗ್ರಾಮಸಭೆ ನಡೆಯುವ ದಿನ ಪಂಚಾಯಿತಿಗೆ ಕೊಡಿ.

ಚಿತ್ರೀಕರಣ ಮುಗಿಸಿ ಹೊರಡುವಾಗ ಆ ಬಾಲಕಿ ನಮ್ಮ ನಕ್ಷೆಯನ್ನು ತಿದ್ದಿಕೊಟ್ಟಳು. ದುಂಡನೆಯ ಮಚ್ಚೆಯ ಮೇಲಿದ್ದ ಒಂದು ಅಂಕಿಯನ್ನು ಹೊಡೆದುಹಾಕಿ, ಅರಳಿ ಒಂದು, ಬೇವು ಒಂದು ಎಂದು ಬರೆದಳು. ಜಾಲಿಯ ಪಟ್ಟಿಯ ಮೇಲೆ ಅಡ್ಡಗೆರೆ ಎಳೆದಳು. ಹಿರಿಯರು ಹೇಳಿದ ಹುಣಸೆ ಇದ್ದ ಜಾಗದಲ್ಲಿ ಒಂದು ಖಾಲಿ ಸೊನ್ನೆ ಹಾಕಿದಳು. ಈಗ ನಮ್ಮ ಕಚೇರಿಯಲ್ಲಿ ಗೋಡೆಯ ಮೇಲಿರುವುದು ಆ ತಿದ್ದಿದ ಪ್ರತಿ.

ನೀವೂ ಪ್ರಾರಂಭಿಸಿರಿ. ಐದು ವರ್ಷಗಳ ನಂತರ ನಿಮ್ಮ ಶಾಲೆಯ ಬೇರೆ ಮಕ್ಕಳು ಅದೇ ಬೀದಿಗಳಲ್ಲಿ ಅದೇ ಪಟ್ಟಿ ಹಿಡಿದು ಮತ್ತೆ ನಡೆಯಬೇಕಾಗುತ್ತದೆ. ಆದ್ದರಿಂದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ತಾರೀಕು ಬರೆಯುವುದನ್ನು ಮರೆಯಬೇಡಿ.